ಏರಿ ತಿರುವಿನ ಬೋರ್ಡು

ನನ್ನ ಹತ್ತಿರ ಎರಡು ಪುಸ್ತಕಗಳಿದ್ದವು. ಒಂದು ಕಂಟ್ರಾಕ್ಟರ್ ಕೊಟ್ಟ ನೀಲಿ ರಟ್ಟಿನ ಕೆಲಸದ ಪುಸ್ತಕ. ಇನ್ನೊಂದು ನನ್ನ ಸ್ವಂತ ಡೈರಿ. ನೀಲಿ ಪುಸ್ತಕದ ಜನವರಿ ಐದರ ಪುಟದಲ್ಲಿ, ಗುಬ್ಬಿಯಿಂದ ಕುಣಿಗಲ್ ಕಡೆಗೆ ಹೋಗುವ ಒಳರಸ್ತೆಯ ಮೂವತ್ತೊಂದನೇ ಬೋರ್ಡಿನ ಮುಂದೆ, 'ರಾತ್ರಿ ಕಾಣುತ್ತದೆಯೇ' ಎಂಬ ಕಾಲಮಿನಲ್ಲಿ ಎರಡು ಪುಟ್ಟ ಗೀಟುಗಳಿವೆ. ಹೋದ ತಿಂಗಳು ಬರೆದದ್ದೇ ಇಲ್ಲೂ ಎಂದು ಅದರ ಅರ್ಥ. ಆ ಗೀಟು ಹಾಕಿದವಳು ನಾನು. ಹಾಕಿದ ಆರನೇ ದಿನ ಸಂಜೆ ಆ ಬೋರ್ಡಿನ ಪಕ್ಕದಿಂದ ಒಬ್ಬರು ಮೊಪೆಡ್ ಸಮೇತ ಕೆರೆ ಏರಿಯ ಕೆಳಗೆ ಬಿದ್ದು ತೀರಿಕೊಂಡರು.

ಡಿಪ್ಲೊಮಾ ಮುಗಿಸಿ ಹನ್ನೊಂದು ತಿಂಗಳು ಮನೆಯಲ್ಲಿ ಕೂತ ಮೇಲೆ ನನಗೆ ಈ ಕೆಲಸ ಸಿಕ್ಕಿತ್ತು. ನಮ್ಮ ಮನೆ ಉಪ್ಪಾರಹಳ್ಳಿಯಲ್ಲಿ, ಕಂಟ್ರಾಕ್ಟರ್ ಶೆಡ್ಡು ಸತ್ಯಮಂಗಲದಲ್ಲಿ. ತುಮಕೂರು ನಗರದ ಒಂದು ಭಾಗದ ರಸ್ತೆ ಬೋರ್ಡುಗಳನ್ನೂ, ಗುಬ್ಬಿ ಮತ್ತು ಕುಣಿಗಲ್ ಕಡೆಯ ಒಂದೆರಡು ರಸ್ತೆಗಳ ಬೋರ್ಡುಗಳನ್ನೂ ನೋಡಿಕೊಳ್ಳುವ ಕೆಲಸವನ್ನು ಅವರು ಹಿಡಿದಿದ್ದರು. ಗುತ್ತಿಗೆ ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿತ್ತು. ನಾವು ಅನ್ನುತ್ತಿದ್ದದ್ದು ರೇಡಿಯಂ ಕೆಲಸ.

ಬೋರ್ಡಿಗೆ ಸ್ವಂತ ಬೆಳಕಿಲ್ಲ ಎಂಬುದನ್ನು ನಾನು ಮೊದಲ ವಾರ ಕಲಿತೆ. ಅದರ ಮೇಲೆ ಅಂಟಿಸಿರುವ ರೇಡಿಯಂ ಶೀಟು ಗಾಡಿಯ ಲೈಟನ್ನು ಹಿಡಿದು ಅದೇ ಗಾಡಿಗೆ ವಾಪಸು ಕಳಿಸುತ್ತದೆ. ಬೆಳಕು ಹಾಕಿದವರಿಗೆ ಮಾತ್ರ ಬೆಳಕು. ಬೋರ್ಡಿನ ಪಕ್ಕದಲ್ಲೇ ನಿಂತಿರುವವರಿಗೆ ಅದು ಹೊಳೆಯುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಹೀಗಾಗಿ ಅದು ಕೆಟ್ಟರೂ ಯಾರೂ ದೂರು ಕೊಡುವುದಿಲ್ಲ. ಹಗಲು ನೋಡಿದವರಿಗೆ ಚೆನ್ನಾಗಿಯೇ ಇರುತ್ತದೆ. ರಾತ್ರಿ ಕಾಣದೇ ಹೋದವನಿಗೆ ಅಲ್ಲೊಂದು ಬೋರ್ಡಿತ್ತು ಎಂಬುದೇ ಗೊತ್ತಿರುವುದಿಲ್ಲ.

ನನ್ನ ಕೆಲಸ ಅಳೆಯುವುದು. ಅದಕ್ಕೊಂದು ಮೆಷಿನ್ ಇತ್ತು. ಹಿಡಿಯುವ ರೀತಿಯಿಂದ ಎಲ್ಲರೂ ಅದನ್ನು ಗನ್ನು ಎನ್ನುತ್ತಿದ್ದರು. ಅದರ ಬಾಯನ್ನು ಶೀಟಿಗೆ ಒತ್ತಿ ಗುಂಡಿ ಅದುಮಿದರೆ ಒಂದು ಅಂಕಿ ಬರುತ್ತದೆ. ಅಂಕಿ ಇಳಿದಿದ್ದರೆ ಶೀಟು ಬದಲಿಸಬೇಕು. ಒಂದು ಬೋರ್ಡಿಗೆ ನಾಲ್ಕು ಕಡೆ ಅಳೆಯಬೇಕು, ಅಳೆಯುವ ಮುಂಚೆ ಆ ಜಾಗವನ್ನು ಸೋಪಿನ ನೀರಲ್ಲಿ ಒರೆಸಬೇಕು. ನಾವು ಅಳೆಯುವುದು ಶೀಟಿನ ಆಯಸ್ಸನ್ನು, ಧೂಳನ್ನಲ್ಲ ಎಂದು ನನಗೆ ಹೇಳಿಕೊಟ್ಟಿದ್ದರು. ಧೂಳಿಗೆ, ಬೋರ್ಡಿಗೆ ಅಡ್ಡ ಬಂದ ಕೊಂಬೆಗೆ, ಮೇಲೆ ಅಂಟಿಸಿದ ಪೋಸ್ಟರ್‌ಗೆ ಬೇರೆ ಕಾಲಮು ಇತ್ತು. ಅದನ್ನು ಕತ್ತಲಾದ ಮೇಲೆ ಜೀಪಿನಲ್ಲಿ ಡಿಮ್ ಲೈಟ್ ಹಾಕಿಕೊಂಡು ಹೋಗಿ ಕಣ್ಣಾರೆ ನೋಡಿ ತುಂಬಬೇಕು.

ಆ ರಾತ್ರಿ ಸುತ್ತಿಗೆ ನನ್ನನ್ನು ಕಳಿಸುತ್ತಿರಲಿಲ್ಲ.

"ಹೆಣ್ಮಗು ಹೊತ್ತು ಮುಳುಗಿದ್ಮೇಲೆ ಬೇಡ," ಎಂದು ಕಂಟ್ರಾಕ್ಟರ್ ಮೊದಲ ದಿನವೇ ಹೇಳಿದ್ದರು. "ನಾಳೆ ನಿಮ್ಮಪ್ಪ ಬಂದು ನನ್ ಕೇಳ್ತಾರೆ. ಮೇಸ್ತ್ರಿ ನೋಡ್ಕೊಂಡ್ ಬರ್ತಾನೆ, ನೀನು ಬರ್ಕೊ."

ಮೇಸ್ತ್ರಿಗೆ ಅರವತ್ತು ದಾಟಿತ್ತು. ಹಣೆಗೆ ವಿಭೂತಿ, ಹೆಗಲ ಮೇಲೆ ಟವೆಲ್ಲು, ಸೋಮವಾರ ಒಪ್ಪೊತ್ತು. ಬೋರ್ಡುಗಳನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದಿಂದ ಈ ಕೆಲಸದಲ್ಲಿದ್ದವರು. ಅವರು ಕತ್ತಲಲ್ಲಿ ನೋಡಿಬಂದು ಬೆಳಿಗ್ಗೆ ಹೇಳುತ್ತಿದ್ದರು. ಓದು ಬರಹ ಬಾರದಿದ್ದರೂ ಎಪ್ಪತ್ತು ಬೋರ್ಡಿನ ವಿಷಯವನ್ನು ಕ್ರಮ ತಪ್ಪದೆ ಒಪ್ಪಿಸುತ್ತಿದ್ದರು. ನಾನು ಟಿಕ್ ಹಾಕುತ್ತಿದ್ದೆ.

ಜೂನ್‌ನಿಂದ ನವೆಂಬರ್‌ವರೆಗೆ ಬಹುಪಾಲು ನಗರದೊಳಗೇ ತಿರುಗಿದೆವು. ಡೈರಿಯಲ್ಲಿ ಆ ಆರು ತಿಂಗಳ ಲೆಕ್ಕವಿದೆ. ಪೋಸ್ಟರ್ ಕಿತ್ತದ್ದು ನೂರ ಹದಿನೆಂಟು. ಅದರಲ್ಲಿ ಶ್ರದ್ಧಾಂಜಲಿಯವು ನಲವತ್ತು, ಹುಟ್ಟುಹಬ್ಬದವು ಮೂವತ್ತಾರು, ಮಿಕ್ಕದ್ದು ಟ್ಯೂಷನ್ನು ಮತ್ತು ಮೂಲವ್ಯಾಧಿ. ಎಲೆ ಅಡಿಕೆ ಉಗಿದದ್ದು ತೊಳೆದದ್ದು ಐವತ್ತೆರಡು ಸಲ. ಬೋರ್ಡೇ ಇಲ್ಲದೆ ಬರೀ ಕಂಬ ಸಿಕ್ಕಿದ್ದು ಒಂಬತ್ತು ಕಡೆ. ಅದರಲ್ಲೊಂದು ಬೋರ್ಡನ್ನು ಬಸ್ ಸ್ಟ್ಯಾಂಡ್ ಹಿಂದಿನ ಬೋಂಡದ ಗಾಡಿಯ ಮೇಲೆ ಗಾಳಿಗೆ ಮರೆ ಮಾಡಿಕೊಂಡಿದ್ದನ್ನು ನಮ್ಮ ಜೀಪಿನ ಡ್ರೈವರ್ ಪತ್ತೆಮಾಡಿದ. 'ಶಾಲೆ ಇದೆ, ನಿಧಾನವಾಗಿ ಚಲಿಸಿ' ಎಂದಿತ್ತು. ಗಾಡಿಯವನು ಬಿಡಿಸಿ ಕೊಟ್ಟ, ಪಾಪ, ಬೋಂಡವನ್ನೂ ಕೊಟ್ಟ.

ಇಂಥವನ್ನೆಲ್ಲ ಬರೆದಿಡುವುದು ನನಗೆ ಚಿಕ್ಕಂದಿನಿಂದ ಬಂದ ಚಾಳಿ. ಎಣಿಸಿ ಬರೆದರೆ ಅದು ತಿಳಿದ ಹಾಗೆ ಎಂದುಕೊಂಡಿದ್ದೆ.

ನವೆಂಬರ್ ಕೊನೆಯಲ್ಲಿ, ಇಲಾಖೆಯಿಂದ ದೊಡ್ಡ ಇಂಜಿನಿಯರ್ ಹೊರಗಿನ ರಸ್ತೆಗಳನ್ನು ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ನಾವು ಗುಬ್ಬಿ ಕಡೆ ಹೋದೆವು. ಮೇಸ್ತ್ರಿ ಬಣ್ಣ ಮಂಕಾದ ಪ್ರತಿ ಬೋರ್ಡನ್ನೂ ನೀರು ಹಾಕಿ ತೊಳೆದು ಒರೆಸಿದ ಮೇಲೆ, ಚೀಲದಿಂದ ಬಾಟಲಿ ತೆಗೆದು ಹಳೇ ಬನಿಯನ್ ಚೂರಿಗೆ ನಾಲ್ಕು ತೊಟ್ಟು ಬಿಟ್ಟುಕೊಂಡು, ಬೋರ್ಡಿನ ತುಂಬ ತೆಳ್ಳಗೆ ಉಜ್ಜುತ್ತಿದ್ದರು. ಕೊಬ್ಬರಿ ಎಣ್ಣೆ. ಅವರ ಅಕ್ಕನ ಮನೆಯ ಗಾಣದ್ದು. ನಗರದಲ್ಲಿ ಬೋರ್ಡುಗಳು ಎತ್ತರದಲ್ಲಿರುತ್ತಿದ್ದುದರಿಂದ ಅಲ್ಲಿ ಅವರು ಎಣ್ಣೆ ಹಚ್ಚುತ್ತಿರಲಿಲ್ಲ, ನಾನು ನೋಡಿದ್ದು ಇದೇ ಮೊದಲು.

"ಇದ್ಯಾಕೆ ಮೇಸ್ತ್ರಿ?" ಎಂದು ಕೇಳಿದೆ.

"ಮಂಕಾಗೈತಲ್ಲವ್ವ ಬಣ್ಣ. ಎಣ್ಣೆ ಕುಡುದ್ರೆ ಕಳೆ ಬತ್ತದೆ ನೋಡು."

ಕಳೆ ಬಂತು. ಬಿಸಿಲಿಗೆ ಬಿಳಚಿಕೊಂಡಿದ್ದ ಹಳದಿ ಅರಿಶಿನದ ಹಾಗೆ ತುಂಬಿಕೊಂಡಿತು. ಬಣ್ಣದಲ್ಲಿ ಬರೆದ ಬೋರ್ಡಿನ ಕಾಲದಲ್ಲಿ ವರ್ಷಕ್ಕೆರಡು ಸಲ ಹೀಗೇ ಮಾಡುತ್ತಿದ್ದರಂತೆ. ಬಣ್ಣ ಬಿರುಕು ಬಿಡದೆ ಇನ್ನೆರಡು ವರ್ಷ ಬರುತ್ತಿತ್ತಂತೆ. ಅವರಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟದ್ದು.

ಡ್ರೈವರ್ ಜೀಪಿನ ಬಾನೆಟ್ ಮೇಲೆ ಕೂತು ನಗುತ್ತಿದ್ದ. "ಎಣ್ಣೆ ಹಚ್ಚಿದ್ಮೇಲೆ ಬಾಚಿ ಜಡೆನೂ ಹಾಕ್ಬುಡು ಮೇಸ್ತ್ರಿ. ಹೂವ ನಾನು ತಂದ್ಕೊಡ್ತೀನಿ."

"ನಿನ್ ತಲೆಗೆ ಯಾರೂ ಹಚ್ಚಲಿಲ್ಲ ಕಣ್ಲಾ, ಅದ್ಕೇ ಹಿಂಗ್ ಕೆಟ್ಟೋಗೈತೆ," ಎಂದರು ಮೇಸ್ತ್ರಿ, ತಿರುಗಿ ನೋಡದೆ.

ಆ ದಿನದ ಡೈರಿಯಲ್ಲಿ ಈ ಮಾತುಗಳಿವೆ. ಕೆಳಗೆ 'ಎಣ್ಣೆ ಹಚ್ಚಿದ ಬೋರ್ಡು: ಹತ್ತೊಂಬತ್ತು' ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಚೆನ್ನಾಗಿದೆ ಅನ್ನಿಸಿ ಎಳೆದ ಗೆರೆ ಅದು.

ಡಿಸೆಂಬರ್ ಮೊದಲ ವಾರ ದೊಡ್ಡ ಇಂಜಿನಿಯರ್ ಬಂದರು, ಹಗಲಿನಲ್ಲಿ. ಕಾರಿನಿಂದಿಳಿಯದೆ ನೋಡಿ, ಬೋರ್ಡುಗಳು ಹೊಸದರ ಹಾಗಿವೆ ಎಂದು ಹೇಳಿ ಹೋದರಂತೆ. ಡಿಸೆಂಬರ್ ಆರರಂದು ಮೇಸ್ತ್ರಿ ಮತ್ತು ಡ್ರೈವರ್ ರಾತ್ರಿ ಸುತ್ತಿಗೆ ಹೋಗಿ ಬಂದರು. "ಎಲ್ಲಾ ಧಗಧಗ ಅಂತವೆ ಬುಡವ್ವ," ಎಂದರು. ನಾನು ಎಲ್ಲದರ ಮುಂದೆಯೂ 'ಕಾಣುತ್ತದೆ' ಎಂದು ಬರೆದೆ. ಆ ದಿನಕ್ಕೆ ಅದು ನಿಜವೇ ಆಗಿತ್ತು.

ಆಮೇಲೆ ಹುರುಳಿ ಬಂತು.

ನಮ್ಮ ಕಡೆ ಡಿಸೆಂಬರ್ ಕೊನೆಗೆ ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ತಂದು ಟಾರಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಹಾದು ಕಾಳು ಉದುರಿಸಿಕೊಡುತ್ತವೆ. ಸಂಜೆ ಹೊತ್ತಿಗೆ ಗುಡಿಸಿ, ಮೊರದಲ್ಲಿ ಗಾಳಿಗೆ ತೂರುತ್ತಾರೆ. ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಹಾರುತ್ತದೆ. ಹುರುಳಿಯ ಹೊಟ್ಟು ಮೈಗೆ ಬಿದ್ದರೆ ಎರಡು ದಿನ ಕಡಿತ. ಅಷ್ಟು ಸಣ್ಣ ಧೂಳು. ಒಣಗಿದ ಬೋರ್ಡಾಗಿದ್ದರೆ ಅದು ಕೂತು, ಗಾಳಿಗೆ ಉದುರಿ, ಇಬ್ಬನಿಗೆ ತೊಳೆದು ಹೋಗುತ್ತಿತ್ತು. ಎಣ್ಣೆ ಹಚ್ಚಿದ ಬೋರ್ಡಿನ ಮೇಲೆ ಕೂತದ್ದು ಏಳಲಿಲ್ಲ. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಲಾರಿಯ ಹೊಗೆ.

ಮೂವತ್ತೊಂದನೇ ಬೋರ್ಡು ಇದ್ದದ್ದು ಒಂದು ಕೆರೆಯ ಏರಿಯ ಮೇಲೆ. ರಸ್ತೆ ಏರಿಯ ಉದ್ದಕ್ಕೂ ನೆಟ್ಟಗೆ ಬಂದು, ತೂಬಿನ ಹತ್ತಿರ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗುತ್ತದೆ. ತಿರುಗದೆ ನೆಟ್ಟಗೆ ಹೋದರೆ ಎರಡಾಳು ಆಳದ ಇಳಿಜಾರು, ಕೆಳಗೆ ಕಲ್ಲು. ಬೋರ್ಡು ಆ ತುದಿಯಲ್ಲಿದೆ. ಹಳದಿ ಮೇಲೆ ದಪ್ಪ ಕಪ್ಪು ಬಾಣ. ಏರಿಯ ಮೇಲೆ ಗಾಳಿ ಚೆನ್ನಾಗಿ ಬರುವುದರಿಂದ ಹುರುಳಿ ತೂರುವವರು ಅಲ್ಲಿಗೇ ಬರುತ್ತಾರೆ.

ಜನವರಿ ಐದರಂದು ನಾನು ಗನ್ನು ಹಿಡಿದು ಅಲ್ಲಿಗೆ ಹೋದೆ. ಮೇಸ್ತ್ರಿಗೆ ಜ್ವರ, ಡ್ರೈವರ್ ಮತ್ತು ನಾನು ಇಬ್ಬರೇ. ನಾಲ್ಕು ಮೂಲೆಗಳಲ್ಲಿ ಅಂಗೈ ಅಗಲದಷ್ಟು ಸೋಪಿನ ನೀರಲ್ಲಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಅಂಟಂಟಾಯಿತು. 'ಈ ಒಂದೇ ಬೋರ್ಡಿಗೆ ಬಟ್ಟೆ ನಾಲ್ಕು ಸಲ ಹಿಂಡಿದೆ' ಎಂದು ಅವತ್ತಿನ ಡೈರಿಯಲ್ಲಿದೆ. ಹಿಂಡಿದ್ದನ್ನು ಎಣಿಸಿದೆ. ಯಾಕೆ ಹಿಂಡಬೇಕಾಯಿತು ಎಂದು ಯೋಚಿಸಲಿಲ್ಲ. ಗನ್ನು ಒತ್ತಿದೆ. ನಾಲ್ಕೂ ಅಂಕಿ ಒಳ್ಳೆಯವು, ಶೀಟಿಗೆ ಇನ್ನೂ ನಾಲ್ಕೈದು ವರ್ಷ ಆಯಸ್ಸಿತ್ತು. ಬರೆದುಕೊಂಡು ಮುಂದಕ್ಕೆ ಹೋದೆ. ಅಳೆಯಲು ಬೇಕಾದಷ್ಟು ಮಾತ್ರ ಒರೆಸಿ, ಮಿಕ್ಕದ್ದನ್ನು ಹಾಗೇ ಬಿಟ್ಟೆ. ತೊಳೆಯುವುದು ನನ್ನ ಕೆಲಸವಲ್ಲ, ಮೇಸ್ತ್ರಿಯದು.

ಸಂಜೆ ಶೆಡ್ಡಿನಲ್ಲಿ ಪುಟ ತುಂಬಬೇಕಿತ್ತು. ರಾತ್ರಿಯ ಕಾಲಮು ಖಾಲಿ. ಮೇಸ್ತ್ರಿ ಇನ್ನೂ ನಾಲ್ಕು ದಿನ ಏಳುವ ಹಾಗಿರಲಿಲ್ಲ. "ಹೋದ್ ತಿಂಗ್ಳು ಏನಿತ್ತೋ ಅದೇ ಹಾಕಮ್ಮ. ಬೋರ್ಡ್‌ಗೇನು ಕಾಲ್ ಬಂದವಾ ಎದ್ದೋಗಕ್ಕೆ," ಎಂದರು ಕಂಟ್ರಾಕ್ಟರ್. ನಾನು ಸ್ಕೇಲು ಇಟ್ಟುಕೊಂಡು, ಒಂದರ ಕೆಳಗೊಂದು, ಅಂದವಾಗಿ ಗೀಟುಗಳನ್ನು ಹಾಕಿದೆ.

ಹನ್ನೊಂದರ ಸಂಜೆ ಕತ್ತಲಾದ ಮೇಲೆ ಬಿದ್ದವರು ತುಮಕೂರಿನ ಆಚೆಯ ಕೋರದ ಕಡೆಯವರು. ತಂಗಿಯ ಮದುವೆಯ ಲಗ್ನಪತ್ರಿಕೆ ಹಂಚಲು ಬಂದಿದ್ದರು. ಆ ರಸ್ತೆಗೆ ಹೊಸಬರು. ಮಾರನೇ ಬೆಳಿಗ್ಗೆ ಹುರುಳಿ ಹರಡಲು ಬಂದವರು ನೋಡಿದಾಗ ಕೆಳಗಿನ ಕಲ್ಲಿನ ಮೇಲೆಲ್ಲ ಕಾರ್ಡುಗಳು ಚೆಲ್ಲಿದ್ದವಂತೆ. ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿದ್ದರಿಂದ ಸಾವು ಎಂದು ಪೊಲೀಸ್ ಸ್ಟೇಷನ್ನಿನಲ್ಲಿ ಬರೆದುಕೊಂಡರು. ಬೋರ್ಡು ಸರಿಯಿತ್ತೇ ಎಂದು ಅವರು ಕೇಳಿದಾಗ ಕಂಟ್ರಾಕ್ಟರ್ ಜನವರಿ ಐದರ ಪುಟದ ಜೆರಾಕ್ಸ್ ಕಳಿಸಿದರು. ನಾಲ್ಕು ಒಳ್ಳೆಯ ಅಂಕಿ, ಎರಡು ಗೀಟು.

ಇದೆಲ್ಲ ನನಗೆ ಗೊತ್ತಾದದ್ದು ಸಂಕ್ರಾಂತಿ ಕಳೆದ ಮೇಲೆ, ತೀರಿಕೊಂಡವರ ಹೆಂಡತಿ ಮೈದುನನ ಜೊತೆ ಶೆಡ್ಡಿಗೆ ಬಂದಾಗ. ಮೂವತ್ತರ ಆಸುಪಾಸಿನ ಹೆಂಗಸು. ಕಂಟ್ರಾಕ್ಟರ್ ಇರಲಿಲ್ಲ. ಆಕೆ ಕುರ್ಚಿ ಮೇಲೆ ಕೂರಲಿಲ್ಲ.

"ಬೋರ್ಡ್ ಚೆನ್ನಾಗಿತ್ತು ಅಂತ ಬರ್ಕೊಟ್ಟೋರು ಯಾರು?"

ನಾನೇ ಎಂದೆ.

"ನೀವ್ ನೋಡಿದ್ರಾ? ರಾತ್ರಿ ಹೊತ್ನಲ್ಲಿ?"

ನಾನು ಪುಸ್ತಕ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದರು.

"ನಮ್ಮನೆಯೋರು ಜೋರಾಗಿ ಓಡ್ಸೋರಲ್ಲ ಕಣ್ರೀ. ಹಿಂದೆ ಕೂತ್ಕೊಂಡು ನಾನೇ ಬೈತಿದ್ದೆ, ನಡ್ಕೊಂಡೋಗೋರು ನಮ್ಮನ್ನ ದಾಟ್ತವ್ರೆ ಅಂತ. ಈಗ ಊರಲ್ಲೆಲ್ಲ ಕುಡಿದಿದ್ದ, ತೂರಾಡ್ಕೊಂಡ್ ಹೋದ ಅಂತವ್ರೆ. ನಮ್ಮತ್ತೆನೂ ಅಂತವ್ರೆ. ನಂಗೆ ಅದೊಂದು ಗೊತ್ತಾಗ್ಬೇಕು. ಅವ್ರಿಗೆ ಕಾಣ್ತೋ ಇಲ್ವೋ."

ಮೈದುನ ಮುಖ ತಿರುಗಿಸಿ ಬಾಗಿಲ ಕಡೆ ನೋಡಿದ. ಆತನೂ ಅದನ್ನೇ ಅನ್ನುತ್ತಿದ್ದವರಲ್ಲಿ ಒಬ್ಬ ಎಂದು ನನಗೆ ಅನ್ನಿಸಿತು.

ಮಾರನೇ ದಿನ ನಾನು ಮೇಸ್ತ್ರಿಗೆ ಹೇಳಿದೆ. ಅವರು ಡ್ರೈವರ್‌ನನ್ನು ಕರೆದರು. ಕಂಟ್ರಾಕ್ಟರ್‌ಗೆ ತಿಳಿಸದೆ ಮೂವರೂ ಹೊರಟೆವು. ಏರಿಯ ಈ ತುದಿ ತಲುಪಿದಾಗ ಏಳು ಗಂಟೆ, ಪೂರ್ತಿ ಕತ್ತಲು. ಡ್ರೈವರ್ ಡಿಮ್ ಲೈಟ್ ಹಾಕಿ ನಡಿಗೆಯ ವೇಗದಲ್ಲಿ ಬಿಟ್ಟ. ನಾನು ಮುಂದಿನ ಸೀಟಿನಲ್ಲಿ ಕಣ್ಣು ಕೀಲಿಸಿ ಕೂತಿದ್ದೆ.

ಬೋರ್ಡು ಕಾಣಲಿಲ್ಲ. ಕಂಡದ್ದು ನಾಲ್ಕು ಚುಕ್ಕೆಗಳು. ಕತ್ತಲಲ್ಲಿ, ಮೇಲೆರಡು ಕೆಳಗೆರಡು, ಮಂಕು ಹಳದಿ. ಕೆರೆಯಾಚೆ ಯಾವುದೋ ಊರಿನ ದೀಪಗಳಿದ್ದವು. ಇವೂ ಅವುಗಳ ಜೊತೆಯವೇ ಎಂಬ ಹಾಗಿದ್ದವು.

"ಅದೇನದು?" ಎಂದ ಡ್ರೈವರ್.

ನನಗೆ ಗೊತ್ತಿತ್ತು. ಅವು ನಾನು ಅಳೆಯಲು ಒರೆಸಿದ ಜಾಗಗಳು.

ಜೀಪು ಬಹಳ ಹತ್ತಿರ ಹೋದ ಮೇಲೆ ಚುಕ್ಕೆಗಳ ಸುತ್ತ ಒಂದು ಕಪ್ಪು ಚೌಕ ಇರುವುದು ತಿಳಿಯಿತು. ನಾನು ಇಳಿದು ಬೋರ್ಡಿನವರೆಗೆ ಹೆಜ್ಜೆ ಎಣಿಸಿದೆ. ಹದಿಮೂರು. ಮೇಸ್ತ್ರಿ ಬೋರ್ಡಿನ ಹತ್ತಿರ ಹೋಗಿ ಬೆರಳಲ್ಲಿ ಒಂದು ಗೀರು ಎಳೆದರು. ಬೆರಳನ್ನು ಜೀಪಿನ ಲೈಟಿಗೆ ಹಿಡಿದು ನೋಡಿದರು, ಮೂಸಿದರು.

"ಎಣ್ಣೆ," ಎಂದರು. "ನಮ್ಮಕ್ಕನ್ ಮನೆ ಎಣ್ಣೆ."

ಡ್ರೈವರ್ ಇಳಿದು ಬಂದು ತಾನೂ ಬೆರಳು ಹಚ್ಚಿ ಮೂಸಿದ.

ಅಲ್ಲೇ ಒಂದು ಜಗಳವಾಯಿತು. ಮೇಸ್ತ್ರಿ ಕ್ಯಾನು ತೆಗೆದು ತೊಳೆಯಲು ಹೊರಟರು. ನಾನು ತಡೆದೆ. ಪೊಲೀಸರು ಬಂದು ನೋಡುವವರೆಗೆ ಹೀಗೇ ಇರಬೇಕು, ತೊಳೆದರೆ ಆಕೆಗೆ ತೋರಿಸಲು ಏನೂ ಉಳಿಯುವುದಿಲ್ಲ ಎಂದೆ.

"ಅಲ್ಲೀಗಂಟ ಇನ್ನೊಬ್ಬ ಬಂದ್ರೆ?"

"ನಾಳೆನೇ ಕರ್ಕೊಂಡ್ ಬರ್ತೀನಿ."

"ನಾಳೆ ಬೆಳಗಾಗಕ್ಕೆ ಹನ್ನೆರಡು ಗಂಟೆ ಐತೆ ಕಣವ್ವ. ನೀನೇ ಲೆಕ್ಕ ಹಾಕವಳು, ಹಾಕು. ಎಷ್ಟು ಗಾಡಿ ಬತ್ತವೆ ಇಲ್ಲಿ?"

ನಾನು ಹಾಕಲಿಲ್ಲ. ಫೋಟೊ ತೆಗೆದುಕೊಳ್ಳುತ್ತೇನೆ, ಆಮೇಲೆ ತೊಳೆಯಿರಿ ಎಂದೆ. ಜೀಪನ್ನು ಹಿಂದಕ್ಕೆ ಬಿಡಿಸಿ, ಡಿಮ್ ಲೈಟಿನಲ್ಲಿ ಫೋನು ಹಿಡಿದು ಏಳು ಫೋಟೊ ತೆಗೆದೆ. ಏಳರಲ್ಲೂ ಬೋರ್ಡು ಚೆನ್ನಾಗಿ ಕಾಣುತ್ತಿತ್ತು. ಕಣ್ಣಿಗೆ ಬರೀ ಕತ್ತಲಾಗಿದ್ದುದನ್ನು ಫೋನು ತಾನಾಗಿಯೇ ಬೆಳಗಿಸಿ, ಹಳದಿ, ಬಾಣ, ಪಕ್ಕದ ಹುಲ್ಲಿನ ಎಸಳನ್ನೂ ತೋರಿಸಿತು. ಡ್ರೈವರ್ ತನ್ನ ಹಳೇ ಫೋನಿನಲ್ಲಿ ತೆಗೆದ. ಅದರಲ್ಲಿ ಏನೂ ಬರಲಿಲ್ಲ, ಏರಿಯೂ ಇಲ್ಲ, ಕೆರೆಯೂ ಇಲ್ಲ. ಮನುಷ್ಯನ ಕಣ್ಣಿಗೆ ಎಷ್ಟು ಕಂಡಿತೋ ಅಷ್ಟನ್ನು ತೋರಿಸುವ ಫೋನು ನಮ್ಮ ಹತ್ತಿರ ಇರಲಿಲ್ಲ.

ಮೇಸ್ತ್ರಿ ಕಾಯುತ್ತಿದ್ದರು. "ಆಯ್ತಾ?"

"ಆಯ್ತು," ಎಂದೆ.

ಸೀಗೆಪುಡಿ ಹಾಕಿ ಉಜ್ಜಿದರು. ಎಣ್ಣೆ ಬಿಡಲು ಎರಡು ಕ್ಯಾನು ನೀರಾಯಿತು. ಮುಂದಿನ ಮೂರು ಸಂಜೆಗಳಲ್ಲಿ ಉಳಿದ ಹದಿನೆಂಟನ್ನೂ ತೊಳೆದೆವು. ಪ್ರತಿಯೊಂದನ್ನೂ ತೊಳೆಯುವ ಮುಂಚೆ ಮತ್ತು ತೊಳೆದ ಮೇಲೆ ಎಷ್ಟು ಹೆಜ್ಜೆ ದೂರದಿಂದ ಕಾಣುತ್ತದೆ ಎಂದು ಬರೆದುಕೊಂಡೆ.

ಆ ಪಟ್ಟಿಯನ್ನೂ, ಎಣ್ಣೆಯ ವಿಷಯವನ್ನೂ, ಗೀಟುಗಳನ್ನು ನೋಡದೆ ಹಾಕಿದ್ದನ್ನೂ ಸೇರಿಸಿ ಎರಡು ಪುಟದ ಹೇಳಿಕೆ ಬರೆದೆ. ಮೇಸ್ತ್ರಿಗೆ ಓದಿ ಹೇಳಿದೆ. 'ಎಣ್ಣೆ ಹಚ್ಚಿದವರು' ಎಂದು ಓದಿದ ಕಡೆ ಅವರು ನನ್ನನ್ನು ತಡೆದು, "ಇಲ್ಲಿ ನನ್ನೆಸ್ರು ಪೂರ್ತಿ ಹಾಕು," ಎಂದರು. ಕೆಳಗೆ ಹೆಬ್ಬೆಟ್ಟು ಒತ್ತಿದರು. ಸ್ಟೇಷನ್ನಿನಲ್ಲಿದ್ದವರು ಓದಿ, ಬೋರ್ಡು ಈಗ ಹೇಗಿದೆ ಎಂದು ಕೇಳಿದರು. ತೊಳೆದಿದ್ದೇವೆ ಎಂದೆ. "ಹಂಗಾದ್ರೆ ನಾವೇನ್ ನೋಡೋದಮ್ಮ?" ಎಂದರು. ಕೆಟ್ಟ ಮಾತಿನಲ್ಲೇನೂ ಹೇಳಲಿಲ್ಲ. ಫೋಟೊ ನೋಡಿದರು. "ಇದ್ರಲ್ಲಿ ಚೆನ್ನಾಗೇ ಕಾಣ್ತೈತಲ್ಲ." ನಮ್ಮ ಕಾಗದವನ್ನು ಫೈಲಿನ ಹಿಂದೆ ಸಿಕ್ಕಿಸಿದರು. ಜೆರಾಕ್ಸಿನ ಮೇಲೆ ಕಚೇರಿಯ ಮೊಹರು ಇತ್ತು, ನಮ್ಮದರ ಮೇಲೆ ಹೆಬ್ಬೆಟ್ಟು.

ಫೆಬ್ರವರಿ ಮೊದಲ ವಾರ ಕಂಟ್ರಾಕ್ಟರ್ ನಮ್ಮಿಬ್ಬರಿಗೂ ಬರುವುದು ಬೇಡ ಎಂದರು. ನನಗೆ ಹೇಳಿದ್ದು ಫೋನಿನಲ್ಲಿ. ಮೇಸ್ತ್ರಿಗೆ ಎದುರಿಗೇ. ನೀಲಿ ಪುಸ್ತಕ ಕೊಟ್ಟು ಬರಲು ಶೆಡ್ಡಿಗೆ ಹೋದಾಗ ಅವರ ಚೀಲ ಗೂಟದಲ್ಲೇ ನೇತಾಡುತ್ತಿತ್ತು. ನಾನು ಅದನ್ನು ಮನೆಗೆ ತಂದಿಟ್ಟುಕೊಂಡೆ. ಅದೇ ತಿಂಗಳು ಪೊಲೀಸರು ಫೈಲು ಮುಗಿಸಿದರು. ತಪ್ಪು ಓಡಿಸಿದವರದೇ, ಅವರು ಬದುಕಿಲ್ಲವಾದ್ದರಿಂದ ಮುಂದೆ ಕ್ರಮವಿಲ್ಲ ಎಂದು.

ಫೈಲು ಮುಗಿದ ವಿಷಯವನ್ನು ಆಕೆಗೆ ನಾನೇ ಫೋನ್ ಮಾಡಿ ಹೇಳಿದೆ. ನಮ್ಮ ಕಾಗದದಲ್ಲಿ ಬರೆದದ್ದನ್ನೂ ಹೇಳಿದೆ.

"ನಂಗೆ ಆ ಬೋರ್ಡ್ ತೋರ್ಸಿ," ಎಂದರು. "ರಾತ್ರಿ ಹೊತ್ನಲ್ಲೇ."

ಫೆಬ್ರವರಿ ಇಪ್ಪತ್ತೆರಡು. ನಾನು ಮೇಸ್ತ್ರಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಅವರ ಚೀಲವೂ ನೀರಿನ ಕ್ಯಾನೂ ಜೊತೆಗಿದ್ದವು. ಆಕೆ ಮತ್ತು ಮೈದುನ ಮೊಪೆಡ್‌ನಲ್ಲಿ ಬಂದರು. ಅದೇ ಮೊಪೆಡ್. ಸ್ಟೇಷನ್ನಿನಿಂದ ಬಿಡಿಸಿಕೊಂಡು ರಿಪೇರಿ ಮಾಡಿಸಿದ್ದರು. ಹೆಡ್‌ಲೈಟಿನ ಗಾಜು ಮಾತ್ರ ಹೊಸದು, ಬೆಳಕು ಮೊದಲಿನಷ್ಟೇ ಸಣ್ಣದು.

ಏರಿಯ ಆ ತುದಿಯಿಂದ ಇಬ್ಬರೂ ಮೊಪೆಡ್ ಹತ್ತಿ ಬಂದರು. ನಾವಿಬ್ಬರೂ ಬೋರ್ಡಿನ ಪಕ್ಕ ನಿಂತಿದ್ದೆವು. ಪಕ್ಕದಲ್ಲಿ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಅವರು ದೂರದಲ್ಲೇ ನಿಧಾನ ಮಾಡಿದ್ದು, ತಿರುವಿಗೆ ಮೊದಲೇ ನಿಲ್ಲಿಸಿದ್ದು ಕಾಣಿಸಿತು. ಆಕೆ ಇಳಿದು ನಡೆದು ಬಂದರು.

"ಅಷ್ಟ್ ದೂರದಿಂದ್ಲೇ ಕಾಣ್ತದೆ," ಎಂದರು. "ನಮ್ಮೂರ್ ಸರ್ಕಲ್ ಲೈಟ್ ಇದ್ದಂಗೈತೆ."

ಮೈದುನ ಮೊಪೆಡ್‌ನ ಹ್ಯಾಂಡಲ್ ಹಿಡಿದು ಕೆಳಗೆ ನೋಡುತ್ತಿದ್ದ.

"ಹಂಗಾದ್ರೆ ಅವ್ರು ನೋಡೇ ಇರ್ಬೇಕು," ಎಂದರು ಆಕೆ. ದನಿ ಸಣ್ಣಗಾಗಿತ್ತು.

ಮೇಸ್ತ್ರಿ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇಲ್ಲ ತಾಯಿ. ಆವತ್ತು ಹಿಂಗಿರ್ಲಿಲ್ಲ. ನಾನು ಎಣ್ಣೆ ಹಚ್ಚಿದ್ದೆ. ಹುರುಳಿ ಧೂಳು ಮೆತ್ಕೊಂಡು ಕರ್ರಗಾಗಿತ್ತು. ನಿಮ್ಮೆಜಮಾನ್ರಿಗೆ ಕಂಡಿರಾಕಿಲ್ಲ."

"ನೀವ್ ಹೇಳ್ತೀರಿ." ಆಕೆ ಅವರನ್ನು ನೋಡಿದರು, ನನ್ನನ್ನು ನೋಡಿದರು. "ಅವ್ರ ಕಾಗ್ದ ಒಂದು ಹೇಳ್ತದೆ, ನಿಮ್ ಕಾಗ್ದ ಒಂದು ಹೇಳ್ತದೆ. ನಾನು ಯಾವ್ದನ್ನ ನಂಬ್ಲಿ?" ಬೋರ್ಡಿನ ಕಡೆ ಕೈ ತೋರಿ, "ಆವತ್ತು ಹೆಂಗಿತ್ತೋ ಹಂಗೆ ಮಾಡಿ ತೋರ್ಸಿ," ಎಂದರು.

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಟಾರ್ಚ್ ತೆಗೆದು ಬೇರೆ ಗಾಡಿ ಬರುತ್ತಿಲ್ಲವೆಂದು ಎರಡೂ ಕಡೆ ನೋಡಿದೆ. ಅವರು ತೂಬಿನ ಮೆಟ್ಟಿಲಿಳಿದು ಎರಡೂ ಕೈ ತುಂಬ ಕೆರೆಯ ಕೆಸರು ತಂದರು. ಇಷ್ಟು ವರ್ಷದಲ್ಲಿ ಅವರು ಬೋರ್ಡನ್ನು ಕೊಳೆ ಮಾಡಿದ್ದು ಅದೊಂದೇ ಸಲ ಇರಬೇಕು. ಬಳಿಯತೊಡಗಿದರು. ನಾನು ನಾಲ್ಕು ಮೂಲೆಗಳಲ್ಲಿ ಒಂದೊಂದಾಗಿ ಅಂಗೈ ಒತ್ತಿ ಹಿಡಿದೆ. ಅವರು ನನ್ನ ಕೈಯ ಸುತ್ತ ಬಳಿದರು. ನಾನು ಅವತ್ತು ಎಲ್ಲೆಲ್ಲಿ ಒರೆಸಿದ್ದೆ ಎಂಬುದು ನನಗೆ ಸರಿಯಾಗಿ ನೆನಪಿತ್ತು.

ಅವರಿಬ್ಬರೂ ಮತ್ತೆ ಆ ತುದಿಗೆ ಹೋದರು. ನಾನು ತಿರುವಿನ ಅಂಚಿನಲ್ಲಿ ಟಾರ್ಚನ್ನು ಆರಿಸಿ, ಬೆರಳು ಗುಂಡಿಯ ಮೇಲಿಟ್ಟು ನಿಂತೆ. ಮೇಸ್ತ್ರಿ ಗಾಡಿ ತಡೆಯಲೆಂದು ತಿರುವಿನಲ್ಲಿ ರಸ್ತೆಯ ನಡುವೆ ನಿಂತರು. ಬೇಡ ಎಂದರೂ ಕೇಳಲಿಲ್ಲ. ಮೊಪೆಡ್‌ನ ಸಣ್ಣ ಬೆಳಕು ಹೊರಟು, ಅದೇ ವೇಗದಲ್ಲಿ ಬಂತು. ಮೊದಲ ಸಲ ನಿಧಾನ ಮಾಡಿದ ಜಾಗದಲ್ಲಿ ನಿಧಾನ ಮಾಡಲಿಲ್ಲ. ಅದಕ್ಕೂ ಈಚೆ ಬಂದಿತು, ಇನ್ನೂ ಬಂದಿತು. ನಾನು ಟಾರ್ಚ್ ಹೊತ್ತಿಸಿಬಿಟ್ಟೆ. ಬ್ರೇಕು ಕಿರುಚಿ ಗಾಡಿ ನಿಂತಿತು. ಆಮೇಲೆ ಎಣಿಸಿದೆ. ಮೊದಲ ಸಲ ನೂರ ಮೂವತ್ತು ಹೆಜ್ಜೆ. ಈಗ ಒಂಬತ್ತು. ಆ ಒಂಬತ್ತೂ ಟಾರ್ಚಿನದು, ಬೋರ್ಡಿನದಲ್ಲ.

ಮೈದುನ ಹ್ಯಾಂಡಲ್ ಬಿಡದೆ ಕೂತಿದ್ದ. "ಅಣ್ಣ ಕುಡ್ದಿರ್ಲಿಲ್ಲ," ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ.

ಆಕೆ ಇಳಿದು ಬೋರ್ಡಿನ ಹತ್ತಿರ ಬಂದರು. ಒಂದು ಚುಕ್ಕೆಯ ಮೇಲೆ ತಮ್ಮ ಅಂಗೈ ಇಟ್ಟರು. ಆಮೇಲೆ ಇನ್ನೊಂದರ ಮೇಲೆ. ನಾಲ್ಕನ್ನೂ ಮುಟ್ಟಿದರು.

"ಇವು ಮಾತ್ರ ಕಂಡ್ವು," ಎಂದರು. "ಯಾವ್ದೋ ಮನೆ ದೀಪ ಅಂದ್ಕೊಂಡೆ. ಅವ್ರೂ ಮನೆನೇ ಹುಡುಕ್ತಿದ್ರು."

ಆ ಚುಕ್ಕೆಗಳು ನನ್ನವು ಎಂದು ನಾನು ಹೇಳಿದೆ. ಕಾಗದದಲ್ಲಿ ಅದನ್ನು ಬರೆದಿರಲಿಲ್ಲ. ಅಳೆಯುವಷ್ಟು ಮಾತ್ರ ಒರೆಸಿ ಹೋಗಿದ್ದೆ ಎಂದು ಹೇಳಿದೆ. ಆಕೆ ಕೇಳಿಸಿಕೊಂಡರು.

"ತೊಳೀರಿ," ಎಂದರು ಮೇಸ್ತ್ರಿಗೆ. "ಗಾಡಿ ಬರ್ತವೆ."

ಮೇಸ್ತ್ರಿ ಕ್ಯಾನು ತಂದರು. ಆಕೆ ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ರಸ್ತೆಯ ಕಡೆಗೆ ಹಿಡಿದು ನಿಂತರು. ಕುಣಿಗಲ್ ಕಡೆಯಿಂದ ಒಂದು ಲಾರಿ, ಗುಬ್ಬಿ ಕಡೆಯಿಂದ ಎರಡು ಬೈಕು ಬಂದವು. ಮೂರನ್ನೂ ಆಕೆಯೇ ನಿಧಾನ ಮಾಡಿಸಿ ತಿರುವಿನಲ್ಲಿ ದಾಟಿಸಿದರು. ಕೊನೆಯ ಮೂಲೆ ಒರೆಸಿ ಮುಗಿಸಿ ಮೇಸ್ತ್ರಿ ಹಿಂದೆ ಸರಿಯುವವರೆಗೂ ಆಕೆ ಅಲ್ಲಿಂದ ಕದಲಲಿಲ್ಲ.